ಮಣ್ಣು ಕಂಡರೆ ನೋಟಿಸು ಬರುವ ಊರು

ಬಸ್ರೂರು, ಹೊರಡುವ ಮೊದಲು

ಅಮೆರಿಕ ನೋಡಿ ಬಂದವರು ಜಲಪಾತದ ಕತೆ ಹೇಳುತ್ತಾರೆ, ಮುಗಿಲಿಗೆ ತಾಗುವ ಕಟ್ಟಡದ ಕತೆ ಹೇಳುತ್ತಾರೆ. ನಾನು ಎಪ್ಪತ್ತು ದಿನ ಇದ್ದು ಬಂದೆ. ನನ್ನ ಹತ್ತಿರ ಇರುವುದು ಅಂಗಳದ ಕತೆ ಒಂದೇ. ಅಲ್ಲಿ ಅಂಗಳಕ್ಕೆ ಕಲ್ಲು ಹೊದಿಸುತ್ತಾರೆ, ಮರದ ಚಕ್ಕೆ ಹೊದಿಸುತ್ತಾರೆ, ಆ ಚಕ್ಕೆಗೆ ಬಣ್ಣ ಬಳಿಯುತ್ತಾರೆ, ಆಮೇಲೆ ಅದರ ಮೇಲೆ ಒಬ್ಬರೂ ಕಾಲಿಡುವುದಿಲ್ಲ. ಇಷ್ಟಕ್ಕೇ ಸಾಕೆನಿಸಿದವರು ಇಲ್ಲಿಯೇ ಎದ್ದು ಹೋಗಬಹುದು, ನನಗೆ ಬೇಸರವಿಲ್ಲ.

ಹೋದದ್ದು ಅಣ್ಣನ ಮನೆಗೆ. ನಮ್ಮ ತವರು ಉಪ್ಪುಂದ. ಅಲ್ಲಿಂದ ಹದಿನಾರನೇ ವಯಸ್ಸಿಗೆ ಮುಂಬೈ ಬಸ್ಸು ಹತ್ತಿ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತವನು ನನ್ನಣ್ಣ ಸುಧಾಕರ. ಲೋಟದಿಂದ ಬಾಣಲೆಗೆ, ಬಾಣಲೆಯಿಂದ ಗಲ್ಲಾಪೆಟ್ಟಿಗೆಗೆ ಏರುತ್ತಾ ಏರುತ್ತಾ ಕೊನೆಗೆ ಅರಿಜೋನಾ ಎಂಬ ಮರಳುಗಾಡಿನ ರಾಜ್ಯದಲ್ಲಿ ಸ್ವಂತ ದೋಸೆ ಹೋಟೆಲು ತೆರೆದ. ಈಗ ಎರಡೂ ಮಂಡಿಗೆ ಆಪರೇಶನ್ ಆಗಿ ಮನೆಯಲ್ಲಿ ಕೂತಿದ್ದ. ಅತ್ತಿಗೆ ಹೋಟೆಲು ಬಿಟ್ಟು ಬರುವ ಹಾಗಿಲ್ಲ. ಊಟ ಹಾಕಲಿಕ್ಕೂ ಬೈಯಲಿಕ್ಕೂ ಒಂದು ಜನ ಬೇಕು ಎಂದಾಗ ನೆನಪಾದದ್ದು ತಂಗಿ.

ಹೊರಡುವ ಮೊದಲು ನನ್ನ ಅಂಗಳದ ವಿಷಯ ಹೇಳಬೇಕು. ಬಸ್ರೂರಿನ ನಮ್ಮ ಕೇರಿಯಲ್ಲಿ ಉಳಿದಿರುವ ಮಣ್ಣಿನ ಅಂಗಳ ನಮ್ಮದೊಂದೇ. ಮಳೆ ಮುಗಿದ ಮೇಲೆ ಹುಲ್ಲು ಕೆತ್ತಿ, ಬಡಿದು ಸಮ ಮಾಡಿ, ಸೆಗಣಿ ಸಾರಿಸುತ್ತೇನೆ. ಬಾವಿಕಟ್ಟೆಯ ಪಕ್ಕ ಬಸಳೆ ಚಪ್ಪರ, ಅದರಾಚೆ ತೆಂಗಿನ ಬುಡ. ಬುಡದ ಗುಂಡಿಯಲ್ಲಿ ತೆಂಗಿನ ಸಿಪ್ಪೆ ಕವುಚಿ ಹಾಕಿ, ಮೇಲೆ ತರಗೆಲೆ ತುಂಬಿದರೆ ಬೇಸಿಗೆಯಲ್ಲೂ ತೇವ ಆರುವುದಿಲ್ಲ. ಕಳೆದ ಮಳೆಗಾಲದಲ್ಲಿ ಅದೇ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಅಂದಿನಿಂದ ನಮ್ಮ ಮನೆಯವರಿಗೆ ಇಂಟರ್‌ಲಾಕಿನ ಹುಚ್ಚು ಹಿಡಿಯಿತು.

ಇಂಟರ್‌ಲಾಕ್ ಎಂದರೆ ಒಂದಕ್ಕೊಂದು ಕಚ್ಚಿಕೊಂಡು ಕೂರುವ ಸಿಮೆಂಟು ಕಲ್ಲು. ಅದನ್ನು ಹಾಸುವವನು ಟೇಪು ಹಿಡಿದುಕೊಂಡು ಎರಡು ಸಲ ಬಂದು ಹೋದ. ನಾನು ಪೆಟ್ಟಿಗೆ ಕಟ್ಟುತ್ತಿದ್ದಾಗ ಇವರು ಬಾಗಿಲಲ್ಲಿ ನಿಂತು, "ಎಲ್ಲರ್ ಮನೆಯಂಗೂ ಹಾಕ್ಸಿರ್. ನಾವೂ ಹಾಕ್ಸುವನಾ?" ಎಂದು ಕೇಳಿದರು.

"ಬಂದ್ಮೇಲ್ ಕಾಂಬ" ಎಂದು ಮುಂದಕ್ಕೆ ಹಾಕಿದೆ. ನನಗೆ ಬೇಡ ಎನ್ನುವುದು ಮೂವತ್ತೆರಡು ವರ್ಷ ಜೊತೆಗಿದ್ದವರಿಗೆ ಬಾಯಿಬಿಟ್ಟು ಹೇಳಬೇಕೇ ಎಂಬ ಧಿಮಾಕು ನನ್ನದು.

ಇಳಿದ ಮರುದಿನ

ಅಣ್ಣನ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚು. ಸಕ್ಕರೆ ಹಾಕದ ಚಹಾದ ಬಣ್ಣದ ಗೋಡೆ, ಮುಂದೆ ಜಲ್ಲಿ, ಜಲ್ಲಿಯ ನಡುವೆ ಎರಡು ಮುಳ್ಳುಕಳ್ಳಿ. ಬೇರೆ ಎಲ್ಲಾದರೂ ನೋಡಿದ್ದರೆ ಕೆಲಸ ಅರ್ಧಕ್ಕೆ ಬಿಟ್ಟು ಕಂಟ್ರಾಕ್ಟರು ಓಡಿಹೋಗಿದ್ದಾನೆ ಎನ್ನುತ್ತಿದ್ದೆ. ಇಲ್ಲಿ ಇದೇ ಮುಗಿದ ಕೆಲಸ.

ಹಗಲು ರಾತ್ರಿ ತಿರುವುಮುರುವಾಗಿ ನಿದ್ದೆ ಕೆಟ್ಟಿತ್ತು. ಬೆಳಕು ಹರಿಯುವಾಗ ಬಾಗಿಲು ತೆಗೆದೆ. ಗೋಡೆಗೆ ತಾಗಿದ ಗಿಡಗಳ ಸಾಲಿನಲ್ಲಿ ಯಾರೋ ಮರ ಸೀಳಿದ ಹಾಗೆ ಚಕ್ಕೆಗಳು ಹರಡಿದ್ದವು. ನಮ್ಮ ಕಡೆಯ ಹೆಂಗಸರಿಗೆ ಎದ್ದ ಕೂಡಲೇ ಕೈ ಹೋಗುವುದು ಹಿಡಿಸೂಡಿಗೆ. ಅಂಗಳ ಗುಡಿಸದೆ ಒಲೆ ಹಚ್ಚುವ ಮನೆ ಎಂಥ ಮನೆ ಎಂದು ಕೇಳಿಯೇ ಬೆಳೆದವರು ನಾವು. ಪೆಟ್ಟಿಗೆಯಲ್ಲಿ ಹೇಗೂ ಊರಿನ ತೆಂಗಿನಕಡ್ಡಿಯ ಹಿಡಿಸೂಡಿ ಇತ್ತು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಏನೆಂದು ತಿಳಿಯದೆ ಮರಳಿ ಕೊಟ್ಟಿದ್ದ. ಒಂದು ಗಂಟೆಯಲ್ಲಿ ಆ ಸಾಲನ್ನೆಲ್ಲ ಹಸನಾಗಿ ಗುಡಿಸಿ, ಮೂರು ರಾಶಿ ಮಾಡಿ, ಅಲ್ಲಿದ್ದ ಏಕೈಕ ಮರದ ಬುಡಕ್ಕೆ ಸೊಂಟದವರೆಗೆ ಏರಿಸಿದೆ. ಗಿಡಗಳ ಬುಡದಲ್ಲಿ ಕೆಂಪು ಮಣ್ಣು ಕಂಡಾಗ ಜೀವ ತಣ್ಣಗಾಯಿತು.

ಅಣ್ಣ ಊರುಗೋಲು ಹಿಡಿದು ಹೊರಗೆ ಬಂದವನು ಹಾಗೆಯೇ ನಿಂತುಬಿಟ್ಟ.

"ಎಂತ ಮಾಡ್ದೆ ಹೆಣೆ? ಅದ್ ಕಸು ಅಲ್ಲ, ಅಂಗ್ಡಿಯಿಂದ ತಂದ್ ಹಾಕಿದ್ದ್."

ಅಂಗಡಿಯಿಂದ ಕಸ ತರುವಷ್ಟು ಗತಿಗೆಟ್ಟೆಯಾ ಎಂದು ಕೇಳಿದೆ. ಅವನು ಮೆಟ್ಟಿಲ ಮೇಲೆ ಕೂತು, ಹೊಲಿಗೆ ಹಾಕಿದ ಮಂಡಿ ಹಿಡಿದುಕೊಂಡು, ನೋವಿಗೋ ನಗೆಗೋ ಗೊತ್ತಾಗದ ಹಾಗೆ ಕಣ್ಣೀರು ಒರೆಸಿಕೊಂಡ.

ಗುಡಿಸಿದ ಸಾಲಿನದೊಂದು, ಪಕ್ಕದ ಮನೆಯ ಗುಡಿಸದ ಸಾಲಿನದೊಂದು ಫೋಟೊ ತೆಗೆದು ಇವರಿಗೆ ಕಳಿಸಿದೆ. ಫೋನಿನಲ್ಲಿ ಅಕ್ಷರ ಒತ್ತುವ ತಾಳ್ಮೆ ನನಗಿಲ್ಲ. ಮಾತಾಡೋಣ ಎಂದರೆ ಅಲ್ಲಿ ಬೆಳಗಾದಾಗ ಇಲ್ಲಿ ಮಲಗುವ ಹೊತ್ತು. ಊಟ ಆಯಿತಾ, ಮಾತ್ರೆ ತೆಗೆದುಕೊಂಡಿರಾ, ಇಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಬೈಗುಳವನ್ನೆಲ್ಲ ಊರಿಗೆ ಹೋದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ಕಟ್ಟಿಟ್ಟುಕೊಂಡೆ.

ನೋಟಿಸು ಬಂದ ದಿನ

ಆರನೇ ದಿನ ಬಡಾವಣೆಯ ಸಂಘದಿಂದ ಕಾಗದ ಬಂತು. ಜೊತೆಗೆ ನಾನು ಗುಡಿಸಿದ ಸಾಲಿನ ಫೋಟೊ, ಅದರ ಸುತ್ತ ಕೆಂಪು ಗೆರೆ. ಅಣ್ಣ ಓದಿ ಹೇಳಿದ. ತಮ್ಮ ಮನೆಯ ಮುಂದೆ ಬರಿ ಮಣ್ಣು ಕಾಣಿಸುತ್ತಿದೆ, ಹದಿನಾಲ್ಕು ದಿನದೊಳಗೆ ಮುಚ್ಚತಕ್ಕದ್ದು ಎಂದಿತ್ತು. ಮೈಮೇಲೆ ಬಟ್ಟೆ ಇಲ್ಲದೆ ಮಾರ್ಗದಲ್ಲಿ ನಿಂತವರಿಗೆ ಹೇಳುವ ಹಾಗೆ ಹೇಳಿದ್ದರು. ಮನುಷ್ಯರು ಚಡ್ಡಿಯಲ್ಲಿ ನಾಯಿ ಹಿಡಿದು ತಿರುಗಬಹುದು, ಮಣ್ಣು ಮಾತ್ರ ಮಾನವಾಗಿರಬೇಕು.

ಹಾಗಾಗಿ ನಾವು ಮಣ್ಣು ಮುಚ್ಚುವ ಸಾಮಾನಿನ ಅಂಗಡಿಗೆ ಹೋದೆವು. ಅತ್ತಿಗೆ ಕಾರು ನಿಲ್ಲಿಸಿದಲ್ಲಿ ಕಲ್ಲಿನ ಗುಡ್ಡೆಗಳು ಸಾಲಾಗಿದ್ದವು. ಪ್ರತಿ ಗುಡ್ಡೆಗೂ ಒಂದು ಹೆಸರು, ಹಲಗೆಯಲ್ಲಿ ಬರೆದಿದೆ. ಹೊಳೆಯಲ್ಲಿ ನುಣುಪಾದ ಕಲ್ಲು, ಒಡೆದ ಕಲ್ಲು, ಬೆಳ್ಳಗಿನದು, ಚಿನ್ನದ ಬಣ್ಣದ್ದು. ಹೆಂಗಸರು ಒಂದೊಂದು ಕಲ್ಲು ಎತ್ತಿ, ಗೋಡೆಯ ಬಣ್ಣದ ಚೀಟಿಗೆ ಹಿಡಿದು, ಗಂಡನ ಮುಖ ನೋಡಿ, ಬೇಡವೆಂದು ಇಡುತ್ತಿದ್ದರು. ಮದುವೆ ಸೀರೆಗೂ ನಾವು ಇಷ್ಟು ಒದ್ದಾಡಿಲ್ಲ. ಆಚೆ ಬದಿಯಲ್ಲಿ ಚಕ್ಕೆಯ ಚೀಲಗಳು. ಕಪ್ಪು, ಕಂದು, ಕೆಂಪು. ಮರಕ್ಕೆ ಮರದ ಬಣ್ಣ ಸಾಲದೆಂದು ಬಳಿದದ್ದು. ಕೆಂಪು ಚೀಲದಲ್ಲಿ ಕೈ ಹಾಕಿ ನೋಡಿದೆ, ಅಂಗೈಯೆಲ್ಲ ಕಾವಿ ಹತ್ತಿ ಎರಡು ದಿನ ಹೋಗಲಿಲ್ಲ. ಆ ಕೈಯದ್ದೂ ಒಂದು ಫೋಟೊ ಊರಿಗೆ ಹೋಯಿತು. ಮರದ ಬುಡಕ್ಕೆ ಒಟ್ಟಿದ್ದನ್ನು ಕದಲಿಸಲು ನಾನು ಬಿಡಲಿಲ್ಲ, ಕೊನೆಗೆ ಕಂದು ಚಕ್ಕೆಯ ನಾಲ್ಕು ಚೀಲ ತಂದು ಸಾಲಿನ ಮಾನ ಮುಚ್ಚಿದೆವು.

ಕಲ್ಲು ಹಾಕುವ ಮೊದಲು ಮಣ್ಣಿಗೊಂದು ಕಪ್ಪು ಬಟ್ಟೆ ಹಾಸುತ್ತಾರಂತೆ, ಕಳೆ ಬಾರದ ಹಾಗೆ. ಅಣ್ಣ ಅವರ ಪರ ವಾದಿಸಿದ. ಇದು ಮರಳುಗಾಡು, ಮಳೆ ಎಂಬುದು ನೆಂಟರ ಹಾಗೆ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು, ಹುಲ್ಲು ಬೆಳೆಸಿದರೆ ನೀರು ಸುರಿದು ಸುರಿದು ಊರೇ ಬತ್ತುತ್ತದೆ, ಕಲ್ಲಾದರೆ ನೀರು ಕೇಳುವುದಿಲ್ಲ ಎಂದ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೂ ಮಧ್ಯಾಹ್ನ ಕಾದ ಜಲ್ಲಿಯ ಬಿಸಿ ಸಂಜೆ ಕಿಟಕಿಯಿಂದ ಒಳಗೆ ಬರುವಾಗ, ಈ ಕಲ್ಲಿನ ಮೇಲೆ ನಿನ್ನ ಹೋಟೆಲಿನ ದೋಸೆಯನ್ನೇ ಹುಯ್ಯಬಹುದು ಎಂದು ಹೇಳದೆ ಬಿಡಲಿಲ್ಲ.

ಆ ವಾರವೇ ಇನ್ನೊಂದು ಅವಮಾನ ಆಯಿತು. ಸಂಜೆ ತಿರುಗಾಡಲು ಹೋದಾಗ ಒಂದು ಮನೆಯ ಎದುರು ಒಳ್ಳೆ ಬಂಡೆ ಇತ್ತು. ಉಪ್ಪುಂದದ ಕಡಲ ಬದಿಯ ಬಂಡೆಯ ಹಾಗೆಯೇ ಕಂಡು, ಕಾಲು ನೋಯುತ್ತಿತ್ತೆಂದು ಕೂತೆ. ಬಂಡೆ ಮಗುಚಿತು, ನಾನು ಜಲ್ಲಿಯ ಮೇಲೆ ಬಿದ್ದೆ. ಎದ್ದು ನೋಡಿದರೆ ಒಳಗೆ ಟೊಳ್ಳು, ಪ್ಲಾಸ್ಟಿಕ್ಕು. ನೀರಿನ ನಲ್ಲಿ ಕಾಣಬಾರದೆಂದು ಕವುಚಿಟ್ಟ ಬುಟ್ಟಿ ಅದು. ಅಷ್ಟು ದೊಡ್ಡ ಬಂಡೆಯನ್ನು ನಾನು ಒಂದೇ ಕೈಯಲ್ಲಿ ಎತ್ತಿ ಮೊದಲಿನ ಹಾಗೆ ಇಟ್ಟದ್ದನ್ನು ನೋಡಿ, ಮನೆಯವಳು ಕಿಟಕಿಯಿಂದ ಕೈಬೀಸಿ ನಕ್ಕಳು. ಅಣ್ಣನ ಮನೆಯಲ್ಲೂ ಅಂಥದೊಂದು ಇದೆಯೆಂದು ಅಂದೇ ತಿಳಿಯಿತು. ಅದರ ಫೋಟೊ ಮೂರು ದಿಕ್ಕಿನಿಂದ ತೆಗೆದು ಇವರಿಗೆ ಕಳಿಸಿದೆ.

ಹಿತ್ತಲು

ಒಂದು ತಿಂಗಳಾಗುವ ಹೊತ್ತಿಗೆ ಅಣ್ಣ ಊರುಗೋಲಿಲ್ಲದೆ ನಡೆಯುತ್ತಿದ್ದ. ಒಂದು ದಿನ ಊಟಕ್ಕೆ ಕೂತವನು ಅನ್ನ ಕಲಸುತ್ತಾ, ಸಿಗಡಿ ಹಾಕಿದ ಬಸಳೆ ಸಾರು ತಿನ್ನದೆ ಎಷ್ಟೋ ವರ್ಷವಾಯಿತು ಎಂದ. ಹೋಟೆಲಿನ ತಟ್ಟೆಯಲ್ಲಿ ಅದನ್ನು ಕೇಳುವವರಿಲ್ಲ, ಅತ್ತಿಗೆ ಮುಂಬೈಯಲ್ಲೇ ಹುಟ್ಟಿ ಬೆಳೆದವಳು, ಲೋಳೆ ಸೊಪ್ಪು ಎಂದು ಮೂಗು ಮುರಿಯುತ್ತಾಳೆ. ಮರುದಿನವೇ ಅತ್ತಿಗೆಯ ಕಾರಿನಲ್ಲಿ ಸೊಪ್ಪು ಹುಡುಕಲು ಹೊರಟೆ.

ವಿಯೆಟ್ನಾಮಿನವರ ಅಂಗಡಿಯಲ್ಲಿ ಬಸಳೆ ಸಿಕ್ಕಿತು. ನಮ್ಮದರಷ್ಟು ದಪ್ಪ ದಂಟಲ್ಲ, ಆದರೂ ಅದೇ ಬಳಗ. ಸೊಪ್ಪು ಸಾರಿಗಾಯಿತು, ಗಂಟಿರುವ ದಂಟುಗಳನ್ನು ನೀರಿನ ಲೋಟದಲ್ಲಿಟ್ಟೆ. ವಾರದಲ್ಲಿ ಬಿಳಿ ಬೇರು ಬಂತು. ನೆಡಲು ಮಾತ್ರ ಅಂಗೈ ಅಗಲ ಮಣ್ಣಿರಲಿಲ್ಲ. ಹಿತ್ತಲೆಂಬ ಹಿತ್ತಲು ಗೋಡೆಯಿಂದ ಗೋಡೆಗೆ ಬಿಳಿಕಲ್ಲು. ಹಿಂದಿನದನ್ನು ಸಂಘದವರು ನೋಡುವುದಿಲ್ಲವಲ್ಲ ಎಂದೆ. ಅಣ್ಣ ತಲೆ ಕೆರೆದುಕೊಂಡು, ಹಾರೆ ಇಲ್ಲ, ಮಿಗೆಲ್ ಬರಲಿ ಎಂದ.

ಮಿಗೆಲ್ ಹದಿನೈದು ದಿನಕ್ಕೊಮ್ಮೆ ಬರುವ ತೋಟದ ಆಳು, ಮೆಕ್ಸಿಕೋದವನು, ಸುಮಾರು ನನ್ನ ಪ್ರಾಯ. ಅವನ ಕೆಲಸವೆಂದರೆ ಬೆನ್ನಿಗೊಂದು ಯಂತ್ರ ಕಟ್ಟಿಕೊಂಡು ಗಾಳಿ ಊದಿ ಕಲ್ಲಿನ ಮೇಲಿನ ಎಲೆಗಳನ್ನು ಅಟ್ಟುವುದು. ಬಡಾವಣೆಯವರು ಕಲ್ಲಿಗೆ ಹಣ ಕೊಟ್ಟು, ಕಲ್ಲಿನ ಮೇಲೆ ಬಿದ್ದ ಎಲೆ ತೆಗೆಯಲು ಮತ್ತೆ ಹಣ ಕೊಟ್ಟು, ಗಿಡಕ್ಕೆ ಹಾಕಲು ಚೀಲದಲ್ಲಿ ಗೊಬ್ಬರ ತರುತ್ತಿದ್ದರು. ಆ ಎಲೆಯೇ ಗೊಬ್ಬರ ಮಾರಾಯರೆ ಎಂದು ಅವರಿಗೆ ಹೇಳುವವರು ಯಾರು. ಮಿಗೆಲನಿಗೂ ನನಗೂ ಸಮನಾಗಿ ಇಂಗ್ಲಿಷ್ ಬರುತ್ತಿರಲಿಲ್ಲ. ಲೋಟದ ಬೇರು ತೋರಿಸಿ ನೆಲ ತೋರಿಸಿದೆ. ಒಂದೇ ಸಲಕ್ಕೆ ಅವನಿಗೆ ತಿಳಿಯಿತು.

ಗೋಡೆ ಬದಿಯಲ್ಲಿ ಎರಡು ಚಾಪೆಯಷ್ಟು ಜಾಗದ ಕಲ್ಲು ಸರಿಸಿದ, ಕಪ್ಪು ಬಟ್ಟೆ ಕತ್ತರಿಸಿ ಎಳೆದ. ಕೆಳಗಿನ ಮಣ್ಣು ಒಣಗಿ ಇಟ್ಟಿಗೆಯ ಹಾಗಿತ್ತು. ಅದನ್ನು ಒಡೆದು, ಎರಡು ಬೊಗಸೆ ಗೊಬ್ಬರ ಸೇರಿಸಿ ದಂಟು ನೆಟ್ಟೆವು. ಮರುದಿನ ಅವನು ಯಾರದೋ ಮನೆಯ ಮರ ಕಡಿದಾಗ ಸಿಕ್ಕಿದ ಚಕ್ಕೆ ಒಂದು ಗಾಡಿ ತಂದು ಸುರಿದ. ಅದಕ್ಕೆ ಬಣ್ಣವಿಲ್ಲ, ಚೀಲವಿಲ್ಲ, ಹಸಿ ಮರದ ಪರಿಮಳವಿತ್ತು. ನಾನು ಊರಿನ ಅಭ್ಯಾಸದಂತೆ ದಂಟಿನ ಕೊರಳವರೆಗೆ ಒಟ್ಟಿದೆ. ಮಿಗೆಲ್ ನನ್ನ ಕೈ ಸರಿಸಿ, ದಂಟಿನ ಸುತ್ತ ಒಂದು ಗೇಣು ಬಿಡಿಸಿದ. ಬುಡ ಕೊಳೆಯುತ್ತದೆ ಎಂದು ಮೂಗು ಮುಚ್ಚಿ ತೋರಿಸಿದ. ಆಮೇಲೆ ನನ್ನನ್ನು ಮುಂದಿನ ಅಂಗಳಕ್ಕೆ ಕರೆದುಕೊಂಡು ಹೋಗಿ, ಮೊದಲ ದಿನ ನಾನು ಸೊಂಟದವರೆಗೆ ಒಟ್ಟಿದ್ದ ಮರದ ಬುಡವನ್ನೂ ಬಿಡಿಸಿದ. ನಾನು ಬಾಯಿ ಮುಚ್ಚಿಕೊಂಡು ನೋಡಿದೆ. ಎಪ್ಪತ್ತು ದಿನದಲ್ಲಿ ಅದೊಂದೇ ಸಲ.

ನಾಲ್ಕು ದಿನ ಬಿಟ್ಟು ಚಕ್ಕೆಯ ಕೆಳಗೆ ಬೆರಳು ಹಾಕಿದರೆ ತಂಪು. ಅಣ್ಣನಿಗೂ ನೋಡು ಎಂದೆ. ಹೊಸ ಮಂಡಿಯವನು ಕಷ್ಟಪಟ್ಟು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡ.

"ಈ ಮನಿಗ್ ಬಂದ್ ಹನ್ನೆರ್ಡ್ ವರ್ಷ ಆಯ್ತ್" ಎಂದ. "ಇಲ್ಲಿನ್ ಮಣ್ ಮುಟ್ಟಿದ್ದ್ ಇವತ್ತೇ ಕಾಣ್."

ನಾನು ಹೊರಡುವಾಗ ಬಸಳೆ ಅರ್ಧ ಗೋಡೆ ಏರಿತ್ತು. ಅದರ ಫೋಟೊ ಮಾತ್ರ ಊರಿಗೆ ಕಳಿಸಲಿಲ್ಲ. ನಮ್ಮ ಮನೆಯವರು ಹುಟ್ಟಿನಿಂದ ಬಸಳೆ ನೋಡಿದವರು, ಅದರಲ್ಲಿ ನಗುವಂಥದು ಏನೂ ಇರಲಿಲ್ಲ.

ಬ್ರಹ್ಮಾವರದ ಮೇಲೆ ಮನೆಗೆ

ಮಂಗಳೂರಿಗೆ ಇವರೇ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದರು. ಹೊಸ ಶರ್ಟು, ಕ್ಷೌರ ಆದ ಮುಖ. ಮನೆಗೆ ಹೋಗಿ ನೋಡು ಎಂದು ಒಂದು ಸಲ ಹೇಳಿ ಸುಮ್ಮನೆ ನಕ್ಕರು. ನಾನು ಕಟ್ಟಿಟ್ಟ ಗಂಟು ಬಿಚ್ಚಿದೆ. ಬಣ್ಣದ ಚಕ್ಕೆ, ಮಾನವಂತ ಮಣ್ಣು, ಟೊಳ್ಳು ಬಂಡೆ, ಉಡುಪಿ ದಾಟುವವರೆಗೆ ಟ್ಯಾಕ್ಸಿಯವನು ಸ್ಟೇರಿಂಗ್ ಬಡಿದು ನಕ್ಕ. ಇವರು ಮೊದಮೊದಲು ಹ್ಞೂಂಗುಟ್ಟಿದರು.

ಬ್ರಹ್ಮಾವರದಲ್ಲಿ ಹೆದ್ದಾರಿ ಬದಿಯ ನರ್ಸರಿಯ ಮುಂದೆ ಬಿಳಿಕಲ್ಲಿನ ಚೀಲಗಳು ಒಟ್ಟಿದ್ದವು. ಮೊದಲೂ ಇದ್ದಿರಬೇಕು, ಕಣ್ಣಿಗೆ ಬಿದ್ದದ್ದು ಈಗ. ಅರಿಜೋನಾಕ್ಕೆ ಮಳೆ ಇಲ್ಲ, ಅವರು ಕಲ್ಲು ಹಾಸುತ್ತಾರೆ, ಅದಕ್ಕೊಂದು ಅರ್ಥವಾದರೂ ಇದೆ ಎಂದೆ. ಆಕಾಶ ತೂತಾದ ಹಾಗೆ ನಾಲ್ಕು ತಿಂಗಳು ಸುರಿಯುವ ನಮ್ಮ ಸೀಮೆಯಲ್ಲಿ, ಕೋಲು ಊರಿದರೆ ಚಿಗುರುವ ಮಣ್ಣಿಗೆ ಸಿಮೆಂಟು ಮುಚ್ಚಿ, ನೀರನ್ನೆಲ್ಲ ಮಾರ್ಗಕ್ಕೆ ಬಿಟ್ಟು, ಏಪ್ರಿಲಿನಲ್ಲಿ ಬಾವಿ ಬತ್ತಿತು ಎಂದು ಟ್ಯಾಂಕರು ಕಾಯುವ ನಮ್ಮವರಿಗಿಂತ ಹುಚ್ಚರು ಆ ದೇಶದಲ್ಲಿ ಒಬ್ಬರೂ ಇಲ್ಲ ಎಂದೆ. ಟ್ಯಾಕ್ಸಿಯವನು ಈ ಸಲ ನಗಲಿಲ್ಲ, ಕನ್ನಡಿಯಲ್ಲಿ ಇವರನ್ನು ನೋಡಿದ. ಇವರು ಕಿಟಕಿಯ ಕಡೆ ತಿರುಗಿದ್ದರು. ನಸುಕಿಗೆ ಎದ್ದು ಹೊರಟವರು, ನಿದ್ದೆ ಇರಬೇಕು ಎಂದುಕೊಂಡೆ. ಬಸ್ರೂರಿನವರೆಗೆ ನಾನೊಬ್ಬಳೇ ಮಾತಾಡಿದೆ.

ಗೇಟು ತೆಗೆದಾಗ ಬೇರೆಯವರ ಮನೆಗೆ ಬಂದೆನೇನೋ ಎನಿಸಿತು. ಗೇಟಿನಿಂದ ಬಾವಿಕಟ್ಟೆ ದಾಟಿ ತೆಂಗಿನ ಮರದ ತನಕ ಇಂಟರ್‌ಲಾಕು, ಬೂದು ಮತ್ತು ಕೆಂಪು. ತೆಂಗಿನ ಬುಡದಲ್ಲಿ ಸಿಪ್ಪೆ ಇಲ್ಲ, ಬಿಳಿಕಲ್ಲಿನ ವೃತ್ತ ಇದೆ. ಗೋಡೆಯ ಸಾಲಿಗೆ ಕೆಂಪು ಮರದ ಚಕ್ಕೆ. ಬಾವಿಯ ಪಂಪಿನ ಮೇಲೆ ಸಿಮೆಂಟಿನಲ್ಲಿ ಮಾಡಿಸಿ ಬಣ್ಣ ಬಳಿದ ಒಂದು ಟೊಳ್ಳು ಬಂಡೆ. ಮೂರು ದಿಕ್ಕಿನಿಂದಲೂ ಅದು ಅಣ್ಣನ ಮನೆಯ ಬಂಡೆಯೇ. ಬಸಳೆ ಚಪ್ಪರ ಇದ್ದಲ್ಲಿ ಎರಡು ಕುಂಡ, ಕುಂಡದಲ್ಲಿ ಬಾಡಿದ ದಂಟು, ಅದರ ಕೊರಳವರೆಗೆ ಬಿಳಿಕಲ್ಲು.

ಇವರು ನನ್ನ ಪೆಟ್ಟಿಗೆ ಕೆಳಗಿಡದೆ ನಿಂತಿದ್ದರು.

"ದಿನಾ ಫೋಟೊ ಕಳ್ಸಿದ್ದ್ ನೀನೇ ಅಲ್ದಾ?" ಎಂದರು. "ಬಾಯ್ ಬಿಟ್ ಕೇಂಬವ್ಳಲ್ಲ ನೀನ್. ಮನ್ಸಂಗೆ ಆಸೆ ಇತ್ತ್ ಅಂದೇಳಿ ತಿಳ್ಕಂಡೆ." ಚಪ್ಪಲಿಯನ್ನು ಕಲ್ಲಿಗೆ ಉಜ್ಜಿ ತೋರಿಸಿ, "ಮಳ್ಗಾಲದಂಗೆ ಜಾರುದೂ ಇಲ್ಲ" ಎಂದರು.

ಬ್ರಹ್ಮಾವರದಿಂದ ಇಲ್ಲಿಯವರೆಗೆ ನಾನು ಹುಚ್ಚರೆಂದದ್ದು ಯಾರನ್ನು ಎಂದು ಈಗ ತಿಳಿಯಿತು. ನಾಚಿಕೆಯಾಯಿತು, ಸಿಟ್ಟೂ ಬಂತು, ಎರಡರಲ್ಲಿ ಯಾವುದು ಹೆಚ್ಚೆಂದು ಇವತ್ತಿಗೂ ಗೊತ್ತಿಲ್ಲ. ಕಾಫಿ ಮಾಡಿದೆ, ಇಬ್ಬರೂ ಜಗಲಿಯಲ್ಲಿ ಕೂತು ಕುಡಿದೆವು. ಹೇಳದೆ ಇದ್ದು ಆದದ್ದು ಸಾಕು ಎಂದು ಲೋಟ ಕೆಳಗಿಟ್ಟೆ.

"ನಂಗಿದ್ ಬ್ಯಾಡಿತ್ತ್" ಎಂದೆ.

"ಹೋಪ ಹೊತ್ತಿಗೇ ಒಂದ್ ಮಾತ್ ಹೇಳೂಕಾಗ್ಲಿಲ್ಯಾ?"

ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಫೋನು ತೆಗೆದು, ಕಳಿಸದೆ ಉಳಿಸಿಕೊಂಡಿದ್ದ ಒಂದು ಫೋಟೊ ತೋರಿಸಿದೆ. ಬಿಳಿಕಲ್ಲು ಸರಿಸಿದ ಜಾಗ, ಚಕ್ಕೆಯ ಹೊದಿಕೆ, ಗೋಡೆಗೆ ಹಬ್ಬಿದ ಬಸಳೆ, ಪಕ್ಕದಲ್ಲಿ ಮಣ್ಣಾದ ಕೈ ಹಿಡಿದುಕೊಂಡು ನಿಂತ ನನ್ನಣ್ಣ. ಇವರು ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು.

ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಹಿಡಿಸೂಡಿ ಹಿಡಿದು ಹೊರಗೆ ಬಂದರೆ, ಇವರು ಬಾವಿಕಟ್ಟೆಯ ಪಕ್ಕ ಹಾರೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು. ಒಂದು ಕಲ್ಲು ಆಗಲೇ ಎದ್ದಿತ್ತು.

"ಎಷ್ಟ್ ಕಲ್ಲ್ ಏಳ್ಸುದ್?" ಎಂದು ತಲೆ ಎತ್ತದೆ ಕೇಳಿದರು.

ಎಲ್ಲವನ್ನೂ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಲಗೈ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡೆ. ಗೇಟಿನಿಂದ ಜಗಲಿಯವರೆಗೆ ಇರಲಿ, ಮಳೆಗಾಲಕ್ಕೆ ಬೇಕು ಎಂದೆ. ಬಾವಿಯಿಂದ ತೆಂಗಿನ ಬುಡದವರೆಗಿನದು ಅಷ್ಟೂ ಏಳಲಿ. ಅವರು ಎರಡನೇ ಕಲ್ಲಿಗೆ ಹಾರೆ ಕೊಟ್ಟರು. ನಾನು ಕುಂಡದ ಬಿಳಿಕಲ್ಲನ್ನು ಬೊಗಸೆಯಲ್ಲಿ ತೆಗೆದು ಬದಿಗೆ ಹಾಕಿ, ಬಾಡಿದ ದಂಟುಗಳಲ್ಲಿ ಜೀವ ಇರುವ ಗಂಟು ಹುಡುಕತೊಡಗಿದೆ. ಮೂರು ಸಿಕ್ಕಿದವು.